ಗುಂಪು ಪ್ರಾಜೆಕ್ಟಿನಲ್ಲಿ ಒಬ್ಬರು ಕೈಕೊಟ್ಟರೆ

ಆರನೇ ತರಗತಿಗೆ ಈಗಷ್ಟೇ ಬಂದಿರುವ ಮಕ್ಕಳೇ, ನಲಿ-ಕಲಿಯ ದಿನಗಳಲ್ಲಿ ನೀವು ಗುಂಪಾಗಿ ಕೂತು ಕಲಿತವರೇ. ಅಲ್ಲಿ ಅವರವರ ಕಾರ್ಡು ಅವರವರಿಗಿತ್ತು. ಈಗ ನಾಲ್ವರಿಗೆ ಸೇರಿ ಒಂದೇ ಚಾರ್ಟ್, ಅದಕ್ಕೆ ರೂಪಣಾತ್ಮಕ ಮೌಲ್ಯಮಾಪನದ ಅಂಕ. ಹಾಸನವಿರಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣವಿರಲಿ, ಸ್ವಲ್ಪ ದಿನದಲ್ಲೇ ಒಂದು ದೂರು ಕೇಳಿಬರುತ್ತದೆ: "ಮಿಸ್, ಅವನು ಏನೂ ಮಾಡ್ಲಿಲ್ಲ." ಇದನ್ನು ಚಾಡಿ ಎಂದು ನಾನು ತಳ್ಳಿಹಾಕುವುದಿಲ್ಲ. ಒಬ್ಬರ ಬೆವರಿಗೆ ನಾಲ್ವರು ಅಂಕ ಹಂಚಿಕೊಳ್ಳುವುದು ಅನ್ಯಾಯವೇ.

ಆದರೆ ಮೊದಲು ಆ ಚಾರ್ಟಿನ ಸುತ್ತ ನಡೆಯುವುದನ್ನು ನೋಡಿ. ಅಕ್ಷರ ಚೆನ್ನಾಗಿರುವವಳು ಸ್ಕೆಚ್ ಪೆನ್ ಹಿಡಿದು ಬರೆಯುತ್ತಾಳೆ. ಒಬ್ಬ ಸ್ಕೇಲ್ ಇಟ್ಟು ಗೆರೆ ಎಳೆಯುತ್ತಾನೆ. ಉಳಿದಿಬ್ಬರು ಹಾಳೆ ಸುರುಳಿ ಸುತ್ತದಂತೆ ಮೂಲೆ ಒತ್ತಿ ಹಿಡಿದಿರುತ್ತಾರೆ. ಹತ್ತು ನಿಮಿಷಕ್ಕೆ ಆ ಇಬ್ಬರ ಗಮನ ಮೈದಾನದ ಕಡೆಗೆ. ಅವರನ್ನು ಸೋಮಾರಿಗಳೆಂದು ಬೈಯುವ ಮೊದಲು, ಅವರಿಗೆ ಮಾಡಲು ಏನು ಕೊಟ್ಟಿದ್ದೆವು ಎಂದು ಕೇಳಿಕೊಳ್ಳಬೇಕು. ದೊಡ್ಡವರೂ ಹೀಗೆಯೇ. ರಿಂಗಲ್‌ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಅಳೆದು, 1913ರಲ್ಲಿ ಅದನ್ನು ಪ್ರಕಟಿಸಿದ. ಎಳೆಯುವ ಜನ ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲಿನ ಎಳೆತ ಕಡಿಮೆಯಾಗಿತ್ತು.

ಇದಕ್ಕೊಂದು ಒಳ್ಳೆಯ ದಾರಿ 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಸಿಕ್ಕಿತು. ಕರಿಯ, ಬಿಳಿಯ ಮಕ್ಕಳು ಆಗಷ್ಟೇ ಒಂದೇ ತರಗತಿಗೆ ಬಂದು ಜಗಳವಾಡುತ್ತಿದ್ದ ಕಾಲ. ಎಲಿಯಟ್ ಆರನ್‌ಸನ್ ಎಂಬ ಮನಶ್ಶಾಸ್ತ್ರಜ್ಞರು ಪಾಠವನ್ನು ತುಂಡು ಮಾಡಿ, ಗುಂಪಿನ ಪ್ರತಿ ಮಗುವಿಗೂ ಒಂದೊಂದು ತುಂಡು ಕೊಟ್ಟರು. ಪಕ್ಕದವನ ಮಾತು ಕೇಳದಿದ್ದರೆ ಪಾಠ ಪೂರ್ತಿಯಾಗುವಂತಿರಲಿಲ್ಲ.

ನಮ್ಮಲ್ಲೂ ಹಾಗೇ ಮಾಡಿ. ವಿಷಯ 'ಹಾಸನದ ಆಲೂಗಡ್ಡೆ' ಅನ್ನಿ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್‌ನಿಂದ ಬರುತ್ತದೆ. ಮಾರುಕಟ್ಟೆಗೆ ಹೋಗಿ ಅದರ ಬೆಲೆ ಕೇಳಿ ಬರೆದುಕೊಳ್ಳುವುದು ಒಬ್ಬಳ ಪಾಲು. ಭೂಪಟ ಬರೆಯುವುದು ಇನ್ನೊಬ್ಬನದು. ಬೆಳೆ ನಾಶ ಮಾಡುವ ಅಂಗಮಾರಿ ರೋಗದ ಭಾಗವನ್ನು, ಬಾಯಿಯೇ ಬಿಡದ, ಶಾಂತಿಗ್ರಾಮದ ಕಡೆಯಿಂದ ಬರುವ ಹುಡುಗನಿಗೆ ಕೊಟ್ಟು ನೋಡಿ. ಎಲೆಯ ಅಂಚಿನಲ್ಲಿ ಕಂದು ಮಚ್ಚೆ ಬಿದ್ದು, ಮೋಡದ ದಿನ ಎಲೆಯಡಿ ಬಿಳಿ ಬೂಷ್ಟು ಕಟ್ಟುವುದನ್ನು ಅವನು ಸ್ವಂತ ಹೊಲದಲ್ಲೇ ಕಂಡಿರಬಹುದು. 1845ರಿಂದ ಐರ್ಲೆಂಡಿನಲ್ಲಿ ಬರಗಾಲ ತಂದದ್ದೂ ಇದೇ ರೋಗ ಎಂದು ಹೇಳಿ, ಆಮೇಲೆ ಅವನ ಮುಖ ನೋಡಿ. ಯಾರ ಪಾಲು ಯಾವುದು, ಯಾವತ್ತಿಗೆ ಬೇಕು ಎಂಬುದನ್ನು ಚಾರ್ಟಿನ ಹಿಂಬದಿಯಲ್ಲಿ ಹೆಸರು ಸಮೇತ ಬರೆದಿಡಿ.

ಇಷ್ಟಾದರೂ ಕೆಲವರು ಕೈಕೊಡುತ್ತಾರೆ. ಆಗ ಕಾರಣ ಕೇಳಿ, ಆದರೆ ಎಲ್ಲರ ಮುಂದೆ ಬೇಡ. ನಾಲ್ಕೂವರೆಯ ಬಸ್ಸು ತಪ್ಪಿದರೆ ಊರು ಸೇರಲಾಗದವಳು ಸಂಜೆ ನಿಲ್ಲುವುದು ಹೇಗೆ? ಬಿಸಿಯೂಟದ ನಂತರ ಸೇರಿದರಾಯಿತು. ಬಿತ್ತನೆ ದಿನಗಳಲ್ಲಿ ಮನೆಯವರು ಹೊಲಕ್ಕೆ ಕರೆದಿರಲೂಬಹುದು.

ಎಲ್ಲವನ್ನೂ ತಾನೇ ಮಾಡುತ್ತೇನೆಂದು ಪೆನ್ನು ಕಿತ್ತುಕೊಳ್ಳುವ ಜೊತೆಗಾರರ ಬಗ್ಗೆ ಯಾರೂ ದೂರುವುದಿಲ್ಲ, ಅಂಕ ಬರುತ್ತದಲ್ಲ! ನನಗೆ ಹೆಚ್ಚು ಚಿಂತೆ ಅವರದೇ. ಅವರ ಗುಂಪಿನಲ್ಲಿ ಉಳಿದ ಮೂವರು ಏನೂ ಕಲಿಯುವುದಿಲ್ಲ. "ಇದು ನನ್ನ ಪಾಲು, ತಪ್ಪಾದರೂ ನಾನೇ ಬರೆಯುತ್ತೇನೆ" ಎಂದು ಮೆಲ್ಲಗೆ ಆದರೆ ಗಟ್ಟಿಯಾಗಿ ಹೇಳುವುದನ್ನು ರೂಢಿ ಮಾಡಿಕೊಳ್ಳಿ.

ಕೇಳಿಯೂ ಹೇಳಿಯೂ ಆಗದಿದ್ದರೆ ಶಿಕ್ಷಕರ ಬಳಿ ಬನ್ನಿ. ಚಾರ್ಟ್ ಒಪ್ಪಿಸುವ ಬೆಳಿಗ್ಗೆ ಬಂದರೆ ನಮ್ಮ ಕೈಲೂ ಏನೂ ಆಗದು. ಒಂದು ವಾರ ಮೊದಲೇ ಬಂದರೆ ಪಾಲು ಬದಲಿಸಬಹುದು, ಮಾಡಿದವರ ಕೆಲಸಕ್ಕೆ ಬೇರೆಯಾಗಿ ಅಂಕ ಕೊಡಬಹುದು. ಬರುವಾಗ ಹಿಂಬದಿಯಲ್ಲಿ ಹೆಸರು ಬರೆದ ಆ ಚಾರ್ಟನ್ನು ತನ್ನಿ, ಯಾರ ಮೇಲೆ ದೂರೋ ಅವರನ್ನೂ ಜೊತೆಗೆ ಕರೆತನ್ನಿ.