ಅಶ್ವಶಕ್ತಿ ಮತ್ತು ನೀರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯನ್ನು ಕಲ್ಪತರು ನಾಡೆಂದು ಕರೆಯುವುದುಂಟು. ಇಲ್ಲಿನ ತೆಂಗಿನಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಯನ್ನು ಸೇರುತ್ತದೆ. ಆದರೆ ಇದು ಮಲೆನಾಡಲ್ಲ, ಬಯಲುಸೀಮೆ. ಮಳೆ ಕೆಲವೇ ತಿಂಗಳು ಬರುತ್ತದೆ. ತೆಂಗಿಗಾದರೋ ವರ್ಷವಿಡೀ ನೀರು ಬೇಕು. ಆದ್ದರಿಂದ ನೆಲದೊಳಗಿನ ನೀರನ್ನು ಮೇಲೆತ್ತುವುದೇ ಇಲ್ಲಿನ ಬೇಸಾಯಗಾರನ ನಿತ್ಯದ ಚಿಂತೆ.

ಹಿಂದೆ ಈ ಕೆಲಸವನ್ನು ಏತವೂ ಕಪಿಲೆಯೂ ಮಾಡುತ್ತಿದ್ದವು. ಕಪಿಲೆಗೆ ಹೂಡಿದ ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದರೆ ಚರ್ಮದ ಚೀಲ ಬಾವಿಯಿಂದ ಮೇಲೇರಿ ಕಾಲುವೆಗೆ ನೀರು ಸುರಿಯುತ್ತಿತ್ತು. ಅವು ಹಿಂದಕ್ಕೆ ಬಂದರೆ ಚೀಲ ಕೆಳಗಿಳಿಯುತ್ತಿತ್ತು. ಎತ್ತುಗಳು ದಣಿದಾಗ ಕೆಲಸವೂ ನಿಲ್ಲುತ್ತಿತ್ತು. ಅವು ಮೇವು ತಿಂದು ವಿಶ್ರಮಿಸುವ ಹೊತ್ತಿನಲ್ಲಿ ಸೆಲೆಯ ನೀರು ಒಸರಿ ಬಾವಿ ಮತ್ತೆ ತುಂಬಿಕೊಳ್ಳುತ್ತಿತ್ತು. ಅನಂತರ ಡೀಸೆಲ್ ಎಂಜಿನ್ನು ಬಂದಿತು. ವಿದ್ಯುತ್ತಿನ ಪಂಪು ಬಂದಿತು. ಬಾವಿ ಬತ್ತಿದ ಮೇಲೆ ಕೊಳವೆ ಬಾವಿಯೂ ಅದರೊಳಗೆ ಇಳಿಬಿಡುವ ಮೋಟಾರೂ ಬಂದವು. ಯಂತ್ರಕ್ಕೆ ದಣಿವಿಲ್ಲ. ಅದೇ ಅದರ ಗುಣ. ಅದೇ ಅದರ ದೋಷ.

ಮಾನವನು ಎಂಜಿನ್ನನ್ನು ಮೊದಲು ಬಳಸಿದ್ದೇ ನೀರೆತ್ತುವುದಕ್ಕೆ ಎಂಬುದು ಸ್ವಾರಸ್ಯದ ಸಂಗತಿ. 1712ರಲ್ಲಿ ಇಂಗ್ಲೆಂಡಿನ ಥಾಮಸ್ ನ್ಯೂಕಾಮೆನ್ ನಿರ್ಮಿಸಿದ ಉಗಿಯಂತ್ರವು ಗಣಿಯಲ್ಲಿ ತುಂಬಿದ ನೀರನ್ನು ಹೊರಹಾಕುತ್ತಿತ್ತು. ಅದನ್ನು ಬಹುವಾಗಿ ಸುಧಾರಿಸಿದವನು ಜೇಮ್ಸ್ ವ್ಯಾಟ್. ತನ್ನ ಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡಬಲ್ಲದೆಂದು ಕೊಳ್ಳುವವರಿಗೆ ತಿಳಿಸಬೇಕಾದಾಗ ಅವನು ಒಂದು ಅಳತೆಯನ್ನು ಗೊತ್ತುಮಾಡಿದನು. ಒಂದು ನಿಮಿಷದಲ್ಲಿ 33,000 ಪೌಂಡು ತೂಕವನ್ನು ಒಂದು ಅಡಿ ಎತ್ತುವಷ್ಟು ಸಾಮರ್ಥ್ಯವೇ ಒಂದು ಅಶ್ವಶಕ್ತಿ. ಇಂದಿನ ಲೆಕ್ಕದಲ್ಲಿ ಅದು 746 ವ್ಯಾಟು.

ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಉಗಿಯಿಲ್ಲ. ಸಿಲಿಂಡರಿನೊಳಗೆ ಸೆಳೆದುಕೊಂಡ ಗಾಳಿಯನ್ನು ಪಿಸ್ಟನ್ನು ಅದುಮುತ್ತದೆ. ಅದುಮಿದ ಗಾಳಿ ಬಹಳ ಬಿಸಿಯಾಗುತ್ತದೆ. ಆಗ ಚಿಮ್ಮಿಸಿದ ಎಣ್ಣೆ ತಾನಾಗಿ ಹೊತ್ತಿಕೊಂಡು ಪಿಸ್ಟನ್ನನ್ನು ತಳ್ಳುತ್ತದೆ. ಇಂಥ ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವ ದಾರಿಗಳು ಮುಖ್ಯವಾಗಿ ಮೂರು. ಸಿಲಿಂಡರನ್ನು ದೊಡ್ಡದು ಮಾಡಬಹುದು. ಎಂಜಿನ್ನನ್ನು ಹೆಚ್ಚು ವೇಗವಾಗಿ ತಿರುಗಿಸಬಹುದು. ಇಲ್ಲವೆ ಅದೇ ಸಿಲಿಂಡರಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬಿ, ಅದಕ್ಕೆ ತಕ್ಕಷ್ಟು ಎಣ್ಣೆಯನ್ನು ಉರಿಸಬಹುದು. ಹೊಗೆಯ ರಭಸದಿಂದಲೇ ಚಕ್ರವನ್ನು ತಿರುಗಿಸಿ ಗಾಳಿ ಒತ್ತುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಹಕ್ಕುಪತ್ರ ಪಡೆದನು. ಇದನ್ನೇ ಟರ್ಬೊ ಎನ್ನುತ್ತಾರೆ. ಲಾರಿಗಳಲ್ಲಿಯೂ ದೋಣಿಗಳಲ್ಲಿಯೂ ಇಂದು ಇದು ಸಾಮಾನ್ಯವಾಗಿದೆ. ಆದರೆ ಯಾವ ದಾರಿಯೂ ಪುಕ್ಕಟೆಯಲ್ಲ. ಶಕ್ತಿ ಹೆಚ್ಚಿದಂತೆ ಕಾವು ಹೆಚ್ಚುತ್ತದೆ, ಸವೆತ ಹೆಚ್ಚುತ್ತದೆ, ಎಣ್ಣೆಯ ಖರ್ಚೂ ಹೆಚ್ಚುತ್ತದೆ. ಸುಟ್ಟ ಎಣ್ಣೆಯ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಕೆಲಸವಾಗಿ ದೊರೆಯುತ್ತದೆ. ಉಳಿದುದು ಬಿಸಿಯಾಗಿ ಹೊರಟುಹೋಗುತ್ತದೆ.

ಈಗ ನಮ್ಮ ತೋಟಕ್ಕೆ ಬರೋಣ. ಒಬ್ಬ ರೈತನಿಗೆ ನೂರು ತೆಂಗಿನ ಮರಗಳಿವೆ ಎಂದು ಭಾವಿಸೋಣ. ಬೇಸಿಗೆಯಲ್ಲಿ ಗರಿಗಳು ಜೋತುಬೀಳುತ್ತಿವೆ, ಹರಳು ಉದುರುತ್ತಿದೆ. ಪಂಪಿನಿಂದ ಬರುವ ನೀರು ಸಣ್ಣಗಾಗಿದೆ. "ಐದು ಅಶ್ವಶಕ್ತಿಯ ಮೋಟಾರು ಸಾಲದು, ಹತ್ತರದ್ದು ಇಳಿಸೋಣ" ಎಂದು ಅವನು ಸಾಲಕ್ಕೆ ಹೊರಡುತ್ತಾನೆ. ಅವನ ಸಂಕಟ ನಿಜವಾದುದು. ಆದರೆ ಅವನ ಪರಿಹಾರ ಸರಿಯೆ?

ಒಂದು ಸೆಕೆಂಡಿಗೆ ಒಂದು ಲೀಟರು ನೀರನ್ನು 76 ಮೀಟರು, ಎಂದರೆ ಸುಮಾರು 250 ಅಡಿ ಎತ್ತಲು ಒಂದು ಅಶ್ವಶಕ್ತಿ ಬೇಕು. ಮೋಟಾರು, ಪಂಪುಗಳಲ್ಲಿ ಅರ್ಧದಷ್ಟು ನಷ್ಟವಾಗುವುದೆಂದು ಹಿಡಿದರೆ ಎರಡು ಬೇಕು. ನೀರು 750 ಅಡಿಗೆ ಇಳಿದರೆ ಅದೇ ಒಂದು ಲೀಟರಿಗೆ ಆರು ಅಶ್ವಶಕ್ತಿ ಬೇಕಾಗುತ್ತದೆ. ಶಕ್ತಿ ಮೂರು ಮಡಿಯಾಯಿತು. ನೀರು ಒಂದು ಹನಿಯೂ ಹೆಚ್ಚಲಿಲ್ಲ. ಹೆಚ್ಚಿದ ಅಶ್ವಶಕ್ತಿಯನ್ನೆಲ್ಲ ಆಳವೇ ನುಂಗಿತು!

ಪುಲ್ಲಿಯನ್ನು ಬದಲಿಸಿ ಪಂಪನ್ನು ವೇಗವಾಗಿ ತಿರುಗಿಸಿದರೂ ಇಂಥದೇ ಕಥೆ. ವೇಗ ಇಮ್ಮಡಿಯಾದರೆ ಪಂಪು ತಳ್ಳಬಲ್ಲ ನೀರು ಇಮ್ಮಡಿಯಾಗುತ್ತದೆ, ಎತ್ತಬಲ್ಲ ಎತ್ತರ ನಾಲ್ಕು ಮಡಿಯಾಗುತ್ತದೆ. ಬೇಕಾಗುವ ಶಕ್ತಿ ಮಾತ್ರ ಎಂಟು ಮಡಿಯಾಗುತ್ತದೆ. ಕಡಲಿನಲ್ಲಿ ಸಾಗುವ ಭಾರದ ದೋಣಿಯ ವೇಗವನ್ನು ಹೆಚ್ಚಿಸುವವರಿಗೂ ಸುಮಾರಾಗಿ ಇದೇ ನಿಯಮ ಎದುರಾಗುತ್ತದೆ. ಇನ್ನು ಕೊಳವೆಯನ್ನು ಮರೆಯುವಂತಿಲ್ಲ. ಅಷ್ಟೇ ನೀರನ್ನು ಅರ್ಧ ವ್ಯಾಸದ ಕೊಳವೆಯಲ್ಲಿ ನೂಕಬೇಕಾದರೆ ಘರ್ಷಣೆಯ ನಷ್ಟ ಸುಮಾರು 32 ಮಡಿಯಾಗುತ್ತದೆ. ಹಳೆಯ ಕಿರಿದಾದ ಕೊಳವೆಗೆ ದೊಡ್ಡ ಮೋಟಾರನ್ನು ಜೋಡಿಸುವುದು, ಓಣಿಯಲ್ಲಿ ಜಾತ್ರೆಯ ತೇರನ್ನು ಎಳೆದಂತೆ.

ಎಲ್ಲಕ್ಕಿಂತ ಮುಖ್ಯವಾದುದು ನೆಲದ ಮಾತು. ಈ ಸೀಮೆಯ ನೆಲದಡಿ ಇರುವುದು ಗಟ್ಟಿಬಂಡೆ. ಅದರ ಬಿರುಕುಗಳಲ್ಲಿ ಸಂಗ್ರಹವಾದ ಮಳೆನೀರೇ ಕೊಳವೆ ಬಾವಿಯ ಬಂಡವಾಳ. ಬಿರುಕು ಸೆಕೆಂಡಿಗೆ ಒಂದು ಲೀಟರು ಕೊಡುವಾಗ ಎರಡು ಲೀಟರು ಸೆಳೆದರೆ ಸ್ವಲ್ಪ ಹೊತ್ತಿನಲ್ಲೇ ಬಾವಿ ಬರಿದಾಗುತ್ತದೆ. ಒಳಗಿರುವ ಮೋಟಾರನ್ನು ತಣ್ಣಗಿಡುವುದು ಅದರ ಸುತ್ತಲಿನ ನೀರೇ. ನೀರಿಲ್ಲದೆ ಓಡಿದರೆ ಅದು ಸುಟ್ಟುಹೋಗುತ್ತದೆ. ಒಬ್ಬನು ರಭಸದಿಂದ ಸೆಳೆದರೆ ಅದೇ ಬಿರುಕನ್ನು ನಂಬಿದ ನೆರೆಯವನ ಬಾವಿಯೂ ಇಳಿಯುತ್ತದೆ. ಅವನೂ ದೊಡ್ಡ ಮೋಟಾರು ತರುತ್ತಾನೆ. ಹೀಗೆ ಇಬ್ಬರ ಸಾಲವೂ ಬೆಳೆಯುತ್ತದೆ. ನೀರು ಮಾತ್ರ ಬೆಳೆಯುವುದಿಲ್ಲ.

ಹಾಗಾದರೆ ಆ ರೈತನು ಮಾಡಬೇಕಾದುದೇನು? ಮೊದಲು ಅಳೆಯಬೇಕು. ಪಂಪು ಹಲವು ಗಂಟೆ ಓಡಿದ ಮೇಲೆ 200 ಲೀಟರಿನ ಪೀಪಾಯಿ ಎಷ್ಟು ಸೆಕೆಂಡಿನಲ್ಲಿ ತುಂಬುವುದೆಂದು ಗಡಿಯಾರ ಹಿಡಿದು ನೋಡಬೇಕು. ಇನ್ನೂರು ಸೆಕೆಂಡಾದರೆ ಸೆಕೆಂಡಿಗೆ ಒಂದು ಲೀಟರು ಎಂದಾಯಿತು. ಬೇಸಿಗೆಯಲ್ಲಿ ಬೆಳೆದ ಮರವೊಂದಕ್ಕೆ ನಾಲ್ಕು ದಿನಕ್ಕೊಮ್ಮೆ ಸುಮಾರು 200 ಲೀಟರು, ಅಂದರೆ ದಿನಕ್ಕೆ ಸರಾಸರಿ 50 ಲೀಟರು ನೀರು ಸಾಕು. ನೂರು ಮರಕ್ಕೆ ದಿನಕ್ಕೆ 5,000 ಲೀಟರು. ಸೆಕೆಂಡಿಗೆ ಒಂದೇ ಲೀಟರು ಕೊಡುವ ಬಾವಿ ಇದನ್ನು ಒಂದೂವರೆ ಗಂಟೆಯೊಳಗೆ ಕೊಡಬಲ್ಲದು! ಹಾಗಿದ್ದೂ ತೋಟ ಒಣಗಿದರೆ ನೀರು ಕಾಲುವೆಯಲ್ಲಿ ಇಂಗುತ್ತಿದೆ, ಬಿಸಿಲಿಗೆ ಆರುತ್ತಿದೆ, ಇಲ್ಲವೆ ಬೇರಿಲ್ಲದ ಕಡೆ ಹರಿಯುತ್ತಿದೆ ಎಂದರ್ಥ. ಅಗಲವಾದ ಕೊಳವೆ, ಬುಡಕ್ಕೆ ಹನಿನೀರು, ಪಾತಿಗೆ ಸಿಪ್ಪೆ ಮತ್ತು ಗರಿಗಳ ಮುಚ್ಚಿಗೆ, ಮಳೆಗಾಲದಲ್ಲಿ ನೀರು ಇಂಗುವಂತೆ ಬದು ಮತ್ತು ಕೆರೆಗಳ ರಕ್ಷಣೆ: ಇವು ಯಾವ ಎಂಜಿನ್ನಿಗೂ ಕಡಿಮೆಯಿಲ್ಲದ ಶಕ್ತಿಗಳು. ಇಷ್ಟಾದ ಮೇಲೆ ಬಾವಿಯಲ್ಲಿ ನೀರಿದ್ದು, ಅದು ಆಳದಲ್ಲಿರುವ ಕಾರಣ ಮೋಟಾರು ಸಾಲದೆ ಬಂದರೆ, ಆಗ ಲೆಕ್ಕ ಹಾಕಿ ಹೆಚ್ಚು ಅಶ್ವಶಕ್ತಿಯ ಮೋಟಾರನ್ನು ಇಳಿಸುವುದು ತಪ್ಪಲ್ಲ.

ಯಂತ್ರವು ನೀರನ್ನು ಎತ್ತಬಲ್ಲದು, ಹುಟ್ಟಿಸಲಾರದು. ಕಪಿಲೆಯ ಎತ್ತುಗಳು ದಣಿದು ನಿಂತಾಗ ಬಾವಿಗೆ ತುಂಬಿಕೊಳ್ಳಲು ಬಿಡುವು ದೊರೆಯುತ್ತಿತ್ತು. ದಣಿವರಿಯದ ಯಂತ್ರವನ್ನು ಪಡೆದ ನಾವು ಆ ಬಿಡುವನ್ನು ನಮ್ಮ ತಿಳಿವಿನಿಂದಲೇ ಕೊಡಬೇಕಾಗಿದೆ. ಗುಂಡಿಯನ್ನು ಒತ್ತಿ ಮೋಟಾರನ್ನು ಓಡಿಸಲು ಎಲ್ಲರೂ ಬಲ್ಲರು. ಎಲ್ಲಿ ನಿಲ್ಲಿಸಬೇಕೆಂದು ಅರಿತವನ ತೋಟ ಮಾತ್ರ ಮಕ್ಕಳ ಕಾಲಕ್ಕೂ ಹಸಿರಾಗಿ ಉಳಿದೀತು.