ಔಡಲದ ಎಲೆಯ ಮೇಲಿನ ರಂಗೋಲಿ

ಹೊಲದ ಬದುವಿನಲ್ಲಿಯೂ ತಿಪ್ಪೆಯ ಮಗ್ಗುಲಿನಲ್ಲಿಯೂ ಯಾರೂ ಬಿತ್ತದೆ ತಾನೇ ಬೆಳೆದು ನಿಲ್ಲುವ ಔಡಲದ ಗಿಡವನ್ನು ಅರಿಯದವರು ನಮ್ಮಲ್ಲಿ ವಿರಳ. ಕೆಲವೆಡೆ ಇದನ್ನೇ ಹರಳು ಎನ್ನುವರು. ಅದರ ಅಗಲವಾದ ಎಲೆಯ ಮೇಲೆ ಸುಣ್ಣದ ನೀರಿನಿಂದ ಎಳೆದಂತಹ ಸೊಟ್ಟ ಗೆರೆಗಳನ್ನು ನಾವೆಲ್ಲರೂ ಕಂಡಿದ್ದೇವೆ. ರೋಗವೆಂದು ಬಗೆಯುವವರುಂಟು. ಅದು ರೋಗವಲ್ಲ, ಒಂದು ಕೀಟದ ಮರಿಯು ನಡೆದ ದಾರಿ. ರೈತರು ಇದಕ್ಕೆ ರಂಗೋಲಿ ಹುಳುವೆಂದು ಒಪ್ಪುವ ಹೆಸರನ್ನೇ ಇಟ್ಟಿರುವರು. ಶಾಸ್ತ್ರದಲ್ಲಿ ಇದರ ಹೆಸರು ಲಿರಿಯೊಮೈಜಾ ಟ್ರೈಫೋಲಿ.

ತಾಯಿಯು ಎರಡು ಮಿಲಿಮೀಟರನ್ನು ಮೀರದ, ಹಳದಿ ಕಪ್ಪು ಬಣ್ಣದ ನೊಣ. ಬಾಲದ ತುದಿಯ ಚೂಪಾದ ಅಂಗದಿಂದ ಎಲೆಯನ್ನು ಚುಚ್ಚಿ, ಕೆಲವು ತೂತುಗಳಲ್ಲಿ ಒಸರುವ ರಸವನ್ನು ಹೀರುವುದು, ಕೆಲವುಗಳಲ್ಲಿ ತತ್ತಿಯಿಡುವುದು. ಮೂರು ನಾಲ್ಕು ದಿನಗಳಲ್ಲಿ ಹುಟ್ಟುವ ಕಾಲಿಲ್ಲದ ಮರಿಯು ಎಲೆಯ ಎರಡು ಪೊರೆಗಳ ನಡುವಣ ಹಸಿರು ತಿರುಳನ್ನು ಮಾತ್ರ ತಿನ್ನುತ್ತ ಮುಂದೆ ಸಾಗುವುದು. ಮರಿ ಬೆಳೆದಂತೆ ಸುರಂಗವೂ ಅಗಲವಾಗುವುದು. ಆದ್ದರಿಂದ ಗೆರೆಯ ಕೂದಲೆಳೆಯಂತಹ ತುದಿಯು ಅದರ ಜನ್ಮಸ್ಥಾನ. ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಸುರಂಗದೊಳಗೆ ಕಪ್ಪು ಎಳೆಯಂತೆ ಕಾಣುವುದು ಮರಿಯ ಹಿಕ್ಕೆ. ಅಗಲದ ತುದಿಯಲ್ಲಿ ಹಳದಿ ಮರಿ ಕಂಡರೆ ಅದಿನ್ನೂ ಉಣ್ಣುತ್ತಿದೆ. ಅರ್ಧಚಂದ್ರದಂತಹ ಸೀಳು ಕಂಡರೆ ಮನೆ ಬರಿದಾಗಿದೆ, ಮರಿಯು ನೆಲಕ್ಕೆ ಬಿದ್ದು ಮಣ್ಣಿನಲ್ಲಿ ಕೋಶವಾಗಿದೆ. (ಗಿಡದ ಬಳಿ ಹೋದ ಮಕ್ಕಳು ಬೀಜವನ್ನು ಬಾಯಿಗೆ ಹಾಕಬಾರದು, ಅದು ಕಡುವಿಷ.)

ಈ ನೊಣದ ಮೂಲ ಅಮೆರಿಕ ಖಂಡ. ಭಾರತದಲ್ಲಿ 1990ರ ಸುಮಾರಿಗೆ ಹೈದರಾಬಾದಿನ ಸುತ್ತಣ ಔಡಲದ ಮೇಲೆ ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ಟೊಮೆಟೊ, ಸೌತೆ, ಅಲಸಂದೆ, ಹತ್ತಿಗಳಿಗೂ ಹರಡಿತು. ಟೊಮೆಟೊ ಗಿಡದಲ್ಲಿ ಗೆರೆ ಕಂಡೊಡನೆ ಔಷಧದ ಡಬ್ಬಿಯನ್ನು ತರುವ ತಂದೆತಾಯಿಯರಿಗೆ ನಮ್ಮದೊಂದು ಮಾತುಂಟು. ಮರಿಯು ಪೊರೆಯ ಮರೆಯಲ್ಲಿರುವುದರಿಂದ ಸಿಂಪಡಿಸಿದ ವಿಷವು ಅನೇಕ ವೇಳೆ ಅದಕ್ಕೆ ತಗಲದು. ಹಲವು ವಿಷಗಳಿಗೆ ಈ ಜಾತಿಯು ಒಗ್ಗಿಯೂ ಹೋಗಿದೆ. ಸಾಯುವುದು ಬೇರೊಂದು ಜೀವಿ. ನೊಣಕ್ಕಿಂತಲೂ ಸಣ್ಣದಾದ, ಹೊಳೆಯುವ ಮೈಯ ಕಣಜವೊಂದು ಸುರಂಗದೊಳಗಿನ ಮರಿಯನ್ನು ಹುಡುಕಿ, ಚುಚ್ಚಿ, ಅದರ ಮಗ್ಗುಲಲ್ಲಿ ತತ್ತಿಯಿಡುವುದು. ಕಣಜದ ಮರಿಗೆ ನೊಣದ ಮರಿಯೇ ಆಹಾರ. ವಿಷದಿಂದ ಕಣಜಗಳು ಅಳಿದ ಹೊಲಗಳಲ್ಲಿ ನೊಣದ ಹಾವಳಿಯು ಮೊದಲಿಗಿಂತ ಹೆಚ್ಚಿದುದನ್ನು ಅನೇಕ ದೇಶಗಳಲ್ಲಿ ಕಂಡಿದ್ದಾರೆ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಮರಿಯಿರುವ ಹತ್ತು ಎಲೆಗಳನ್ನು ಅಗಲಬಾಯಿಯ ಸೀಸೆಯಲ್ಲಿಟ್ಟು, ತೆಳುಬಟ್ಟೆ ಕಟ್ಟಿ, ಮೂರು ವಾರ ಕಾಯಿರಿ. ಹೊರಬಂದ ನೊಣಗಳೆಷ್ಟು, ಕಣಜಗಳೆಷ್ಟು ಎಂಬುದನ್ನು ಬರೆದಿಟ್ಟು, ಔಷಧವನ್ನು ಕೊಳ್ಳುವ ಮುನ್ನ ಮನೆಯ ಹಿರಿಯರಿಗೆ ತೋರಿಸಿರಿ.