ಕೆಟಗರಿ ಥಿಯರಿ ಕೈವಶವಾಗಬೇಕೆ? ಪೋಸೆಟ್‌ನಿಂದ ಶುರು ಮಾಡಿ: ಆರು ಸೂತ್ರಗಳು

ಎಂ.ಎಸ್ಸಿ. ಮ್ಯಾಥ್ಸ್ ಓದುತ್ತಿದ್ದೀರಾ? ಹ್ಯಾಸ್ಕೆಲ್ ಬರೆಯುವ ಟೀಮ್ ಸೇರಿದ್ದೀರಾ? ಕೆಟಗರಿ ಥಿಯರಿ ಇಂದಲ್ಲ ನಾಳೆ ಎದುರಾಗುತ್ತದೆ. 1945ರಲ್ಲಿ ಐಲೆನ್‌ಬರ್ಗ್ ಮತ್ತು ಮ್ಯಾಕ್ ಲೇನ್ ಮಂಡಿಸಿದ ವಿಷಯ ಇದು. ‘ನನ್ನ ತಲೆಗೆ ಹತ್ತೋದಿಲ್ಲ’ ಅನ್ನುವುದು ಬರೀ ಅಭ್ಯಾಸ, ಇವತ್ತೇ ಬಿಡಿ. ಟೋಪಾಲಜಿಯ ಉದಾಹರಣೆಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪೆನ್ಸಿಲ್ ಹಿಡಿಯಿರಿ.

1. 12ರ ಅಪವರ್ತನಗಳನ್ನು ಬರೆಯಿರಿ.
1, 2, 3, 4, 6, 12. ಒಂದು ಸಂಖ್ಯೆ ಇನ್ನೊಂದನ್ನು ಶೇಷವಿಲ್ಲದೆ ಭಾಗಿಸಿದರೆ ಬಾಣ ಎಳೆಯಿರಿ. 2ರಿಂದ 6ಕ್ಕೆ ಬಾಣ ಉಂಟು, 4ರಿಂದ 6ಕ್ಕೆ ಇಲ್ಲ. ತನ್ನಿಂದ ತನಗೇ ಹೋಗುವ ಬಾಣಗಳೂ ಸೇರಿ ಒಟ್ಟು 18. ನಿಮ್ಮ ಮುಂದಿರುವುದು ಒಂದು ಪೂರ್ತಿ ಕೆಟಗರಿ! ಹಾಸೆ ಚಿತ್ರದಲ್ಲಿ 7 ಗೆರೆ ಎಳೆದರೆ ಸಾಕು. ಮಿಕ್ಕ ಬಾಣಗಳು ಐಡೆಂಟಿಟಿಯಿಂದ, ಕಾಂಪೊಸಿಷನ್‌ನಿಂದ ತಾವಾಗಿಯೇ ಬರುತ್ತವೆ.

2. ಪ್ರಿಆರ್ಡರ್, ಪೋಸೆಟ್ ಎರಡನ್ನೂ ಬೆರೆಸಬೇಡಿ.
ರಿಫ್ಲೆಕ್ಸಿವ್, ಟ್ರಾನ್ಸಿಟಿವ್ ಆಗಿದ್ದರೆ ಪ್ರಿಆರ್ಡರ್. ಆ್ಯಂಟಿಸಿಮೆಟ್ರಿಕ್ ಕೂಡ ಆದರೆ ಪೋಸೆಟ್. ಎಲ್ಲ ಪೂರ್ಣಾಂಕಗಳನ್ನು ತೆಗೆದುಕೊಂಡು ನೋಡಿ: 2 ಮತ್ತು -2 ಪರಸ್ಪರ ಭಾಗಿಸುತ್ತವೆ, ಆದರೆ ಸಮವಲ್ಲ. ಅವು ಐಸೊಮಾರ್ಫಿಕ್. ‘ಸಮ’ಕ್ಕೂ ‘ಐಸೊಮಾರ್ಫಿಕ್’ಗೂ ಇರುವ ಅಂತರ ಇಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣುವುದಿಲ್ಲ.

3. ಹೈಸ್ಕೂಲಿನ ಮ.ಸಾ.ಅ., ಲ.ಸಾ.ಅ.ಗಳನ್ನು ಮತ್ತೆ ಕೈಗೆತ್ತಿಕೊಳ್ಳಿ.
ನಿಮ್ಮ ಚಿತ್ರದಲ್ಲಿ 4 ಮತ್ತು 6ರ ಪ್ರಾಡಕ್ಟ್ ಯಾವುದು? 24 ಅನ್ನಬೇಡಿ. ಎರಡಕ್ಕೂ ಬಾಣ ಬಿಡುವ ಸಂಖ್ಯೆಗಳನ್ನು ಪಟ್ಟಿ ಮಾಡಿ: 1, 2. ಈ ಪಟ್ಟಿಯ 1ರಿಂದಲೂ 2ರಿಂದಲೂ 2ಕ್ಕೆ ಬಾಣ ಇದೆ. ಹಾಗಾಗಿ ಪ್ರಾಡಕ್ಟ್ 2, ಅಂದರೆ ಮ.ಸಾ.ಅ. ಬಾಣಗಳನ್ನು ತಿರುಗಿಸಿ, ಕೋಪ್ರಾಡಕ್ಟ್ 12, ಅದೇ ಲ.ಸಾ.ಅ. 1 ಇನಿಶಿಯಲ್ ಆಬ್ಜೆಕ್ಟ್, 12 ಟರ್ಮಿನಲ್. ಇಲ್ಲಿ ಎರಡು ಆಬ್ಜೆಕ್ಟ್‌ಗಳ ನಡುವೆ ಒಂದು ದಿಕ್ಕಿಗೆ ಒಂದಕ್ಕಿಂತ ಹೆಚ್ಚು ಬಾಣ ಇರುವಂತಿಲ್ಲ. ಆದ್ದರಿಂದ ಪ್ರತಿ ಡಯಾಗ್ರಾಮ್ ಕಮ್ಯೂಟ್ ಆಗಿಯೇ ಆಗುತ್ತದೆ. ಪೋಸೆಟ್‌ನ ದೊಡ್ಡ ಲಾಭ ಇದೇ: ಅರ್ಧ ಲೆಕ್ಕ ಉಳಿತಾಯವಾಗುತ್ತದೆ, ಐಡಿಯಾ ಮಾತ್ರ ಕಣ್ಣಿಗೆ ಕಾಣುತ್ತದೆ.

4. ಫಂಕ್ಟರ್‌ಗೆ ಹೆದರಬೇಡಿ.
ಪೋಸೆಟ್‌ಗಳ ನಡುವೆ ಅದು ಕ್ರಮ ಕೆಡಿಸದ ಫಂಕ್ಷನ್, ಅಷ್ಟೇ.

5. ಅಡ್ಜಂಕ್ಷನ್ ಅನ್ನು ಫ್ಲೋರ್ ಫಂಕ್ಷನ್‌ನಲ್ಲಿ ಹಿಡಿಯಿರಿ.
ಪೂರ್ಣಾಂಕವೊಂದು 3.7ನ್ನು ಮೀರದಿದ್ದರೆ 3ನ್ನೂ ಮೀರುವುದಿಲ್ಲ. 3ನ್ನು ಮೀರದಿದ್ದರೆ 3.7ನ್ನೂ ಮೀರುವುದಿಲ್ಲ. ಈ ಎರಡೂ ಕಡೆಯ ಮಾತೇ ಅಡ್ಜಂಕ್ಷನ್. ಪೂರ್ಣಾಂಕಗಳನ್ನು ವಾಸ್ತವ ಸಂಖ್ಯೆಗಳೊಳಗೆ ಇಡುವ ಫಂಕ್ಟರ್‌ಗೆ ಫ್ಲೋರ್ ರೈಟ್ ಅಡ್ಜಾಯಿಂಟ್, ಸೀಲಿಂಗ್ ಲೆಫ್ಟ್ ಅಡ್ಜಾಯಿಂಟ್. ಪೋಸೆಟ್‌ಗಳ ನಡುವಿನ ಇಂಥ ಜೋಡಿಗೆ ಗ್ಯಾಲ್ವಾ ಕನೆಕ್ಷನ್ ಎಂದು ಹೆಸರು. ಗಣಿತಜ್ಞ ಓರೆ ಅದರ ಬಗ್ಗೆ ಬರೆದದ್ದು 1944ರಲ್ಲಿ. ಡೇನಿಯಲ್ ಕಾನ್ ಅಡ್ಜಾಯಿಂಟ್ ಫಂಕ್ಟರ್‌ಗಳನ್ನು ಮಂಡಿಸಿದ್ದು 1958ರಲ್ಲಿ. ಇತಿಹಾಸ ನಡೆದ ದಾರಿಯಲ್ಲೇ ನೀವೂ ನಡೆಯಿರಿ.

6. ಪೋಸೆಟ್ ಬಿಟ್ಟು ಹೊರಡುವ ಹೊತ್ತು ಗುರುತಿಸಿ.
ಎರಡು ಸದಸ್ಯರ ಗಣದಿಂದ ಮೂರು ಸದಸ್ಯರ ಗಣಕ್ಕೆ 9 ಫಂಕ್ಷನ್‌ಗಳಿವೆ. ಅಲ್ಲಿ ‘ಬಾಣ ಇದೆಯೇ?’ ಎಂದು ಕೇಳಿದರೆ ಸಾಲದು, ‘ಯಾವ ಬಾಣ?’ ಎಂದೂ ಕೇಳಬೇಕು. ಸೂತ್ರ 3ರ ಲೆಕ್ಕವನ್ನು ಈಗ ಗಣಗಳಲ್ಲಿ ಮಾಡಿ. ಪೋಸೆಟ್‌ನಲ್ಲಿ ಪುಕ್ಕಟೆ ಸಿಕ್ಕಿದ್ದ ಕಮ್ಯೂಟಿಂಗ್ ಷರತ್ತನ್ನು ಈ ಸಲ ನೀವೇ ಸಾಧಿಸಿ ತೋರಿಸಬೇಕು.